ಅರಮನೆಯ ಸಹಿ, ಸದನದ ಬಲ

1990ರ ಏಪ್ರಿಲ್ ಮೊದಲ ವಾರದಲ್ಲಿ ಬೆಲ್ಜಿಯಂ ದೇಶಕ್ಕೆ ಸುಮಾರು ಒಂದೂವರೆ ದಿನ ಆಳುವ ರಾಜನಿರಲಿಲ್ಲ. ರಾಜ ಬೋದುವಾಂ ತೀರಿಕೊಂಡಿರಲಿಲ್ಲ, ಪಟ್ಟ ಬಿಟ್ಟುಕೊಟ್ಟಿರಲಿಲ್ಲ, ಕಾಯಿಲೆಯೂ ಬಿದ್ದಿರಲಿಲ್ಲ. ಗರ್ಭಪಾತಕ್ಕೆ ಕೆಲವು ಷರತ್ತುಗಳ ಮೇಲೆ ಅವಕಾಶ ಕೊಡುವ ಮಸೂದೆಯನ್ನು ಸಂಸತ್ತಿನ ಎರಡೂ ಸದನಗಳು ಅಂಗೀಕರಿಸಿದ್ದವು. ಅದಕ್ಕೆ ಅಂಕಿತ ಹಾಕಲು ತಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲವೆಂದು ನಿಷ್ಠಾವಂತ ಕ್ಯಾಥೊಲಿಕರಾದ ಬೋದುವಾಂ ಪ್ರಧಾನಿ ವಿಲ್ಫ್ರೀಡ್ ಮಾರ್ಟೆನ್ಸ್ ಅವರಿಗೆ ಪತ್ರ ಬರೆದರು. ರಾಜನ ಸಹಿ ಇಲ್ಲದೆ ಕಾಯ್ದೆ ಜಾರಿಗೆ ಬಾರದು, ಜನಪ್ರತಿನಿಧಿಗಳು ಒಪ್ಪಿದ ಕಾಯ್ದೆಯನ್ನು ರಾಜ ತಡೆಯಲೂ ಆಗದು. ಮಂತ್ರಿಮಂಡಲ ಸಂವಿಧಾನದ ಒಂದು ಹಳೆಯ ಕಲಮನ್ನು ಹುಡುಕಿ ತೆಗೆಯಿತು. ರಾಜ ಆಳಲು ಅಸಮರ್ಥನಾದಾಗ ಅವನ ಕೆಲಸವನ್ನು ಮಂತ್ರಿಗಳೇ ನಡೆಸಬಹುದೆಂದು ಅದು ಹೇಳುತ್ತಿತ್ತು. ರೋಗಕ್ಕೋ ಸೆರೆವಾಸಕ್ಕೋ ಎಂದು ಬರೆದಿಟ್ಟಿದ್ದ ಆ ಕಲಮನ್ನು ಮನಸ್ಸಾಕ್ಷಿಗೂ ಅನ್ವಯಿಸಿದರು. ಮಂತ್ರಿಗಳೆಲ್ಲ ಸೇರಿ ಸಹಿ ಹಾಕಿದರು, ಕಾಯ್ದೆ ಜಾರಿಗೆ ಬಂತು. ಏಪ್ರಿಲ್ 5ರಂದು ಸಂಸತ್ತಿನ ಜಂಟಿ ಅಧಿವೇಶನ ಸೇರಿ ರಾಜನಿಗೆ ಅಧಿಕಾರವನ್ನು ಮರಳಿ ಕೊಟ್ಟಿತು.

ಹದಿನೆಂಟು ವರ್ಷಗಳ ನಂತರ ಪಕ್ಕದ ಲಕ್ಸೆಂಬರ್ಗಿನಲ್ಲೂ ಇಂಥದೇ ಸಂದರ್ಭ ಬಂತು. ದಯಾಮರಣದ ಕಾಯ್ದೆಗೆ ಸಮ್ಮತಿ ಕೊಡಲಾರೆನೆಂದು ಗ್ರ್ಯಾಂಡ್ ಡ್ಯೂಕ್ ಆನ್ರಿ 2008ರ ಡಿಸೆಂಬರಿನಲ್ಲಿ ತಿಳಿಸಿದರು. ಅಲ್ಲಿನವರು ಹಳೆಯ ಕಲಮುಗಳನ್ನು ಹುಡುಕುತ್ತ ಕೂರಲಿಲ್ಲ, ಸಂವಿಧಾನವನ್ನೇ ತಿದ್ದಿದರು. ಅಂದಿನಿಂದ ಲಕ್ಸೆಂಬರ್ಗಿನ ಅರಸ ಕಾಯ್ದೆಗಳನ್ನು ಪ್ರಕಟಿಸುತ್ತಾರೆಯೇ ಹೊರತು ಅವುಗಳಿಗೆ ಸಮ್ಮತಿ ಕೊಡುವ ಪ್ರಶ್ನೆಯೇ ಏಳುವುದಿಲ್ಲ.

ಸಂಸದೀಯ ರಾಜಪ್ರಭುತ್ವದಲ್ಲಿ ಸರ್ಕಾರ ನಡೆಯುವ ಬಗೆಯನ್ನು ವಿವರಿಸುವಾಗ ಸಾಮಾನ್ಯವಾಗಿ ಹೇಳುವ ಮಾತು, ರಾಜ ಇರುತ್ತಾನೆ ಆದರೆ ಆಳುವುದಿಲ್ಲ ಎಂಬುದು. ಮಾತು ತಪ್ಪಲ್ಲ, ಆದರೆ ಅರ್ಧದಲ್ಲೇ ನಿಂತುಬಿಡುತ್ತದೆ. ಅವನು ಆಳುತ್ತಿಲ್ಲವಾದರೆ ಒಂದು ಕಾಲಕ್ಕೆ ಅವನ ಕೈಯಲ್ಲಿದ್ದ ಅಧಿಕಾರಗಳೆಲ್ಲ ಎಲ್ಲಿ ಹೋದವು? ಎಲ್ಲವೂ ಸಂಸತ್ತಿಗೆ ಹೋದವೆಂದು ಬಹುಪಾಲು ಜನ ತಿಳಿದಿದ್ದಾರೆ. ಹಲವು ದೇಶಗಳಲ್ಲಿ ಅದು ನಿಜವಲ್ಲ. ಕಾಗದದ ಮೇಲೆ ರಾಜನ ಹೆಸರಿನಲ್ಲೇ ಉಳಿದ ಅಧಿಕಾರದ ದೊಡ್ಡ ಪಾಲು ಪ್ರಧಾನಿಯ ಕೈಗೆ ಬಂದಿದೆ. ಇನ್ನೊಂದಷ್ಟು ಯಾರ ಕೈಯಲ್ಲಿದೆಯೆಂಬುದು ಬಿಕ್ಕಟ್ಟು ಬರುವವರೆಗೆ ಯಾರಿಗೂ ಖಚಿತವಾಗಿರುವುದಿಲ್ಲ. ಈ ಪದ್ಧತಿಯ ಬಲವನ್ನೂ ಅಪಾಯವನ್ನೂ ಅಲ್ಲಿಯೇ ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

ಬ್ರಿಟನ್ನಿನಿಂದಲೇ ಶುರುಮಾಡೋಣ. ಈ ಪದ್ಧತಿಯ ಮೂಲ ಅಲ್ಲಿದೆ, ಅದರ ಗೊಂದಲಗಳ ಮೂಲವೂ ಅಲ್ಲಿಯೇ ಇದೆ. 1688ರಲ್ಲಿ ಎರಡನೇ ಜೇಮ್ಸ್ ದೇಶ ಬಿಟ್ಟು ಓಡಿದ ಮೇಲೆ ಸಂಸತ್ತು ವಿಲಿಯಂ ಮತ್ತು ಮೇರಿಯರನ್ನು ಕರೆತಂದು ಸಿಂಹಾಸನದಲ್ಲಿ ಕೂರಿಸಿತು. ಮರುವರ್ಷದ ಹಕ್ಕುಗಳ ಕಾಯ್ದೆ ಎರಡು ಮುಖ್ಯ ಗಂಟುಗಳನ್ನು ಹಾಕಿತು: ಸಂಸತ್ತಿನ ಒಪ್ಪಿಗೆ ಇಲ್ಲದೆ ತೆರಿಗೆ ಎತ್ತುವಂತಿಲ್ಲ, ಶಾಂತಿಕಾಲದಲ್ಲಿ ಸೈನ್ಯ ಇಟ್ಟುಕೊಳ್ಳುವಂತಿಲ್ಲ. ಈ ಎರಡೂ ಗಂಟು ಇವತ್ತಿಗೂ ಬಿಚ್ಚಿಲ್ಲ. ಬ್ರಿಟನ್ನಿನ ಆದಾಯ ತೆರಿಗೆ ಕಾನೂನಿನ ಪ್ರಕಾರ ಒಂದು ವರ್ಷದ ತೆರಿಗೆ, ಪ್ರತಿವರ್ಷ ಹಣಕಾಸು ಕಾಯ್ದೆಯಲ್ಲಿ ಅದನ್ನು ಹೊಸದಾಗಿ ವಿಧಿಸಬೇಕು. ಸೇನಾ ಕಾಯ್ದೆಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಸೈನಿಕರ ಮೇಲಿನ ಶಿಸ್ತಿನ ಅಧಿಕಾರವೇ ಕಾನೂನಿನ ಆಧಾರ ಕಳೆದುಕೊಳ್ಳುತ್ತದೆ. ಸಂಸತ್ತನ್ನು ಕರೆಯದೆ ದೇಶ ಆಳಲು ಯಾವ ದೊರೆಗೂ ಯಾವ ಮಂತ್ರಿಗೂ ಸಾಧ್ಯವಾಗದಿರುವುದಕ್ಕೆ ಕಿರೀಟದ ಸೌಜನ್ಯ ಕಾರಣವಲ್ಲ. ಹಣದ ಚೀಲದ ಬಾಯಿದಾರ ಕೆಳಮನೆಯ ಕೈಯಲ್ಲಿದೆ.

ಉಳಿದದ್ದೆಲ್ಲ ನಿಧಾನವಾಗಿ, ಹೆಚ್ಚಾಗಿ ಬರಹಕ್ಕಿಳಿಯದೆ ರೂಢಿಗೆ ಬಂತು. ಮಸೂದೆಯೊಂದಕ್ಕೆ ಅಂಕಿತ ನಿರಾಕರಿಸಿದ ಕೊನೆಯ ದೊರೆ ರಾಣಿ ಆನ್, 1708ರಲ್ಲಿ. 1721ರಿಂದ ಎರಡು ದಶಕ ಅಧಿಕಾರದಲ್ಲಿದ್ದ ರಾಬರ್ಟ್ ವಾಲ್ಪೋಲ್ ಮೊದಲ ಪ್ರಧಾನಿಯೆಂದು ಹೆಸರಾದರು, ಆದರೆ ಆಗ ಅಂಥ ಹುದ್ದೆ ಯಾವ ಕಾನೂನಿನಲ್ಲೂ ಇರಲಿಲ್ಲ. 1834ರಲ್ಲಿ ನಾಲ್ಕನೇ ವಿಲಿಯಂ ಪ್ರಧಾನಿ ಮೆಲ್ಬರ್ನ್ ಅವರನ್ನು ಕೆಳಗಿಳಿಸಿ ರಾಬರ್ಟ್ ಪೀಲ್ ಅವರನ್ನು ಕೂರಿಸಿದರು. ಪೀಲ್ ಚುನಾವಣೆಗೆ ಹೋದರು, ಆದರೂ ಬಹುಮತ ಸಿಗಲಿಲ್ಲ. ಕೆಲವೇ ತಿಂಗಳಲ್ಲಿ ರಾಜ ಅದೇ ಮೆಲ್ಬರ್ನ್ ಅವರನ್ನು ಮತ್ತೆ ಕರೆಯಬೇಕಾಯಿತು. ಅದಾದ ಮೇಲೆ ಬ್ರಿಟನ್ನಿನ ಯಾವ ದೊರೆಯೂ ಪ್ರಧಾನಿಯನ್ನು ವಜಾ ಮಾಡುವ ಧೈರ್ಯ ಮಾಡಿಲ್ಲ. 1867ರಲ್ಲಿ ವಾಲ್ಟರ್ ಬ್ಯಾಜಟ್ ರಾಜನಿಗೆ ಉಳಿದದ್ದನ್ನು ಮೂರು ಹಕ್ಕುಗಳಲ್ಲಿ ಅಡಕ ಮಾಡಿದರು: ಮಂತ್ರಿಗಳು ತನ್ನ ಸಲಹೆ ಕೇಳಬೇಕೆಂಬ ಹಕ್ಕು, ಹುರಿದುಂಬಿಸುವ ಹಕ್ಕು, ಎಚ್ಚರಿಸುವ ಹಕ್ಕು. ಬ್ಯಾಜಟ್ ಪತ್ರಕರ್ತರು, ಶಾಸನ ಬರೆದವರಲ್ಲ. ಆದರೂ ಮುಂದಿನ ದೊರೆಗಳು ಅವರ ಪುಸ್ತಕವನ್ನೇ ಪಠ್ಯದಂತೆ ಓದಿದರು.

ಇವತ್ತು ಅಲ್ಲಿ ಅಧಿಕಾರ ಕೈಬದಲಾಗುವ ವೇಗ ನೋಡುವಂಥದು. 2024ರ ಜುಲೈ 4ರಂದು ಮತದಾನ ನಡೆಯಿತು. ಮರುದಿನ ಬೆಳಿಗ್ಗೆ ರಿಷಿ ಸುನಕ್ ಅರಮನೆಗೆ ಹೋಗಿ ರಾಜೀನಾಮೆ ಕೊಟ್ಟರು. ಮಧ್ಯಾಹ್ನದೊಳಗೆ ಕೀರ್ ಸ್ಟಾರ್ಮರ್ ಪ್ರಧಾನಿಯಾಗಿ ಡೌನಿಂಗ್ ಬೀದಿಯ ಮನೆಯ ಮುಂದೆ ನಿಂತು ಮಾತಾಡುತ್ತಿದ್ದರು. ಈ ನೇಮಕದಲ್ಲಿ ಮೂರನೇ ಚಾರ್ಲ್ಸ್ ಅವರಿಗೆ ಆಯ್ಕೆಯೇ ಇರಲಿಲ್ಲ. 650 ಜನರ ಕೆಳಮನೆಯಲ್ಲಿ ಬಹುಮತದ ವಿಶ್ವಾಸ ಯಾರಿಗಿದೆಯೋ ಅವರನ್ನು ಕರೆಯಬೇಕು, ಅಷ್ಟೇ. ಎರಡು ವಾರಕ್ಕೆ ಸಂಸತ್ತಿನ ಅಧಿವೇಶನ ಉದ್ಘಾಟನೆಯಾಯಿತು. ರಾಜ ಸಿಂಹಾಸನದಲ್ಲಿ ಕುಳಿತು "ನನ್ನ ಸರ್ಕಾರ" ಎಂದು ಶುರುಮಾಡಿ ಓದುವ ಭಾಷಣದ ಪ್ರತಿಯೊಂದು ಮಾತನ್ನೂ ಬರೆಯುವುದು ಮಂತ್ರಿಮಂಡಲ. ಆ ಭಾಷಣ ಕೇಳಲು ಕೆಳಮನೆಯ ಸದಸ್ಯರನ್ನು ಕರೆಯಲು ಬರುವ ಅಧಿಕಾರಿಯ ಮುಖಕ್ಕೆ ಬಾಗಿಲು ಹಾಕುತ್ತಾರೆ, ಅವರು ಮೂರು ಸಲ ಬಡಿದ ಮೇಲೆ ತೆರೆಯುತ್ತಾರೆ. 1642ರಲ್ಲಿ ಮೊದಲನೇ ಚಾರ್ಲ್ಸ್ ಐವರು ಸದಸ್ಯರನ್ನು ಬಂಧಿಸಲು ಸೈನಿಕರೊಂದಿಗೆ ಸದನಕ್ಕೆ ನುಗ್ಗಿದ್ದರು. ಆಮೇಲೆ ಯಾವ ದೊರೆಯೂ ಕೆಳಮನೆಯೊಳಗೆ ಕಾಲಿಟ್ಟಿಲ್ಲ. ಇಂಥ ಆಚರಣೆಗಳನ್ನು ಬರೀ ವೇಷವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಯಾರ ಮನೆಗೆ ಯಾರು ಕೇಳಿ ಬರಬೇಕೆಂಬುದನ್ನು ಪ್ರತಿ ಅಧಿವೇಶನದಲ್ಲೂ ಎಲ್ಲರ ಕಣ್ಣೆದುರು ಹೇಳುವ ಆ ಕ್ರಮಕ್ಕೆ ಅರ್ಥವಿದೆ.

ಪ್ರಧಾನಿಯನ್ನು ಉಳಿಸುವುದೂ ಇಳಿಸುವುದೂ ಸದನವೇ. 1979ರ ಮಾರ್ಚ್ 28ರ ರಾತ್ರಿ ಜೇಮ್ಸ್ ಕ್ಯಾಲಹನ್ ಸರ್ಕಾರದ ವಿರುದ್ಧ ಅವಿಶ್ವಾಸ ನಿರ್ಣಯ ಮತಕ್ಕೆ ಬಿತ್ತು. ಆಳುವ ಲೇಬರ್ ಪಕ್ಷದ ಒಬ್ಬ ಸದಸ್ಯರು ಸಾವಿನ ಹಾಸಿಗೆಯಲ್ಲಿದ್ದರು. ಆಂಬುಲೆನ್ಸಿನಲ್ಲಿ ಕರೆತಂದರೆ ಪ್ರಾಣಕ್ಕೇ ಅಪಾಯವೆಂದು ಅವರನ್ನು ಕರೆಸಲಿಲ್ಲ. ಸರ್ಕಾರದ ವಿರುದ್ಧ 311, ಪರ 310. ಒಂದೇ ಮತ. ಮೇ 3ರಂದು ಚುನಾವಣೆ ನಡೆಯಿತು, ಮಾರ್ಗರೆಟ್ ಥ್ಯಾಚರ್ ಬಂದರು. ಈ ಇಡೀ ಪ್ರಕರಣದಲ್ಲಿ ಎಲಿಜಬೆತ್ ರಾಣಿ ಏನಾದರೂ ನಿರ್ಧರಿಸಬೇಕಾದ ಗಳಿಗೆ ಒಂದೂ ಬರಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಪರಮಾಧಿಕಾರಗಳೆಂದು ಕರೆಯುವ ಒಂದು ಗುಂಪಿನ ಅಧಿಕಾರಗಳು ಈಗಲೂ ಕಿರೀಟದ ಹೆಸರಿನಲ್ಲಿವೆ: ಯುದ್ಧ ಸಾರುವುದು, ಒಪ್ಪಂದ ಮಾಡುವುದು, ಮಂತ್ರಿಗಳ ನೇಮಕ, ಕ್ಷಮಾದಾನ, ಸಂಸತ್ತಿನ ಅಧಿವೇಶನಕ್ಕೆ ತೆರೆ ಎಳೆಯುವುದು. ರಾಜ ಮಂತ್ರಿಗಳ ಸಲಹೆಯಂತೆಯೇ ನಡೆಯಬೇಕೆಂಬ ನಿಯಮದಿಂದಾಗಿ ಇವೆಲ್ಲ ಪ್ರಧಾನಿಯ ಅಧಿಕಾರಗಳಾದವು, ಹಲವಕ್ಕೆ ಸದನದ ಮತ ಬೇಕಾಗಿಯೇ ಇಲ್ಲ. ಇದರ ಬಿಸಿ ದೇಶಕ್ಕೆ ತಟ್ಟಿದ್ದು 2019ರಲ್ಲಿ. ಯುರೋಪಿಯನ್ ಒಕ್ಕೂಟ ಬಿಡುವ ಗಡುವು ಹತ್ತಿರವಾಗಿತ್ತು, ಸದನ ಬೋರಿಸ್ ಜಾನ್ಸನ್ ಅವರ ಮಾತು ಕೇಳುತ್ತಿರಲಿಲ್ಲ. ಸುಮಾರು ಐದು ವಾರ ಸಂಸತ್ತನ್ನು ಮುಚ್ಚಬೇಕೆಂದು ಅವರು ರಾಣಿಗೆ ಸಲಹೆ ಕೊಟ್ಟರು. ಆಗಸ್ಟ್ 28ರಂದು ಬಾಲ್ಮೋರಲ್ ಅರಮನೆಯಲ್ಲಿ ಆಪ್ತಮಂಡಳಿ ಸೇರಿತು, ರಾಣಿ ಒಪ್ಪಿದರು. ಒಪ್ಪದೆ ಅವರಿಗೆ ಬೇರೆ ದಾರಿಯಿತ್ತೇ? ನಿರಾಕರಿಸಿದ್ದರೆ ಚುನಾಯಿತ ಪ್ರಧಾನಿಯನ್ನು ರಾಣಿ ತಡೆದರೆಂದಾಗುತ್ತಿತ್ತು. ಒಪ್ಪಿದ್ದರಿಂದ ಚುನಾಯಿತ ಸಂಸತ್ತಿನ ಬಾಯಿ ಮುಚ್ಚಿಸಲು ಅವರ ಸಹಿ ಬಳಕೆಯಾಯಿತು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಸಲಹೆಯೇ ಕಾನೂನುಬಾಹಿರವೆಂದೂ ಅಧಿವೇಶನ ಮುಗಿದೇ ಇಲ್ಲವೆಂದೂ ತೀರ್ಪಿತ್ತರು. ಮರುದಿನವೇ ಸದನ ಸೇರಿತು.

ಸಂವಿಧಾನದ ಕೊನೆಯ ಕಾವಲುಗಾರ ರಾಜನೆಂದು ವಾದಿಸುವವರು ಈ ಪ್ರಕರಣವನ್ನು ಗಂಭೀರವಾಗಿ ಓದಬೇಕು. ಕಾವಲು ಕಾದದ್ದು ಅರಮನೆಯಲ್ಲ, ನ್ಯಾಯಾಲಯ. ಅದರ ನಂತರ ನಡೆದದ್ದು ನನಗೆ ಇನ್ನೂ ಕಳವಳ ತರುತ್ತದೆ. ಸದನ ವಿಸರ್ಜಿಸುವ ಅಧಿಕಾರವನ್ನು ಪ್ರಧಾನಿಯಿಂದ ಕಿತ್ತು, ಅವಧಿಗೆ ಮುಂಚಿನ ಚುನಾವಣೆಗೆ ಕೆಳಮನೆಯ ಮೂರನೇ ಎರಡು ಭಾಗದ ಒಪ್ಪಿಗೆಯೋ ಅವಿಶ್ವಾಸದ ಸೋಲೋ ಬೇಕೆಂದು 2011ರ ಕಾಯ್ದೆಯೊಂದು ವಿಧಿಸಿತ್ತು. 2022ರಲ್ಲಿ ಅದನ್ನು ರದ್ದು ಮಾಡಿ ಅಧಿಕಾರವನ್ನು ಮತ್ತೆ ಕಿರೀಟಕ್ಕೆ, ಅಂದರೆ ಪ್ರಧಾನಿಗೆ ಕೊಟ್ಟರು. ಜೊತೆಗೆ ವಿಸರ್ಜನೆಯ ವಿಚಾರವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲವೆಂಬ ಕಲಮನ್ನೂ ಸೇರಿಸಿದರು. ಬರೆದಿಟ್ಟಿದ್ದನ್ನು ಅಳಿಸಿ ರೂಢಿಗೆ ಹಿಂದಿರುಗಿದ ಅಪರೂಪದ ಉದಾಹರಣೆ ಇದು.

ರಾಜನ ಪ್ರತಿನಿಧಿ ತಾನೇ ನಿರ್ಧಾರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾ ಇದೆ. ಅಲ್ಲಿ ಬ್ರಿಟನ್ನಿನ ದೊರೆಯೇ ರಾಜ. ಆದರೆ ಅವನ ಪರವಾಗಿ ಕೆಲಸ ಮಾಡುವ ಗವರ್ನರ್ ಜನರಲ್ ಅವರನ್ನು ಆರಿಸುವುದು ಆಸ್ಟ್ರೇಲಿಯಾದ ಪ್ರಧಾನಿ. 1975ರಲ್ಲಿ ಲೇಬರ್ ಪಕ್ಷದ ಗಫ್ ವಿಟ್ಲಂ ಅವರಿಗೆ ಕೆಳಮನೆಯಲ್ಲಿ ಬಹುಮತವಿತ್ತು, ಮೇಲ್ಮನೆಯಾದ ಸೆನೆಟ್ ವಿರೋಧಿಗಳ ಕೈಯಲ್ಲಿತ್ತು. ಅಕ್ಟೋಬರಿನಲ್ಲಿ ಸೆನೆಟ್ ಸರ್ಕಾರದ ಖರ್ಚಿನ ಮಸೂದೆಗಳನ್ನು ತಡೆಹಿಡಿಯಿತು. ಚುನಾವಣೆ ಘೋಷಿಸಿದರೆ ಮಾತ್ರ ಬಿಡುತ್ತೇವೆಂದು ವಿರೋಧಪಕ್ಷದ ನಾಯಕ ಮ್ಯಾಲ್ಕಂ ಫ್ರೇಜರ್ ಪಟ್ಟು ಹಿಡಿದರು. ಕೆಳಮನೆಯ ಬಹುಮತವೇ ಸರ್ಕಾರದ ಆಧಾರ, ಮಣಿಯಲಾರೆ ಎಂದು ವಿಟ್ಲಂ ನಿಂತರು. ವಾರಗಳು ಉರುಳಿದವು, ಬೊಕ್ಕಸದ ಹಣ ಕರಗುತ್ತಿತ್ತು.

ನವೆಂಬರ್ 11ರ ಮಧ್ಯಾಹ್ನ, ಸೆನೆಟ್ಟಿನ ಅರ್ಧ ಸ್ಥಾನಗಳಿಗೆ ಚುನಾವಣೆ ನಡೆಸುವ ಸಲಹೆಯೊಂದಿಗೆ ವಿಟ್ಲಂ ಗವರ್ನರ್ ಜನರಲ್ ಜಾನ್ ಕರ್ ಅವರ ನಿವಾಸಕ್ಕೆ ಹೋದರು. ಕರ್ ಅವರನ್ನು ಆ ಹುದ್ದೆಗೆ ಆರಿಸಿದ್ದವರು ವಿಟ್ಲಂ ಅವರೇ. ಕರ್, ವಿಟ್ಲಂ ಅವರ ಕೈಗೆ ವಜಾ ಪತ್ರ ಕೊಟ್ಟರು. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಫ್ರೇಜರ್ ಕಾಯುತ್ತಿದ್ದರು. ಖರ್ಚಿನ ಮಸೂದೆ ಅಂಗೀಕಾರ ಮಾಡಿಸಿ ಚುನಾವಣೆಗೆ ಸಲಹೆ ಕೊಡಬೇಕೆಂಬ ಷರತ್ತಿನ ಮೇಲೆ ಅವರಿಗೆ ಉಸ್ತುವಾರಿ ಪ್ರಧಾನಿಯ ಪ್ರಮಾಣವಚನ ಬೋಧಿಸಲಾಯಿತು. ಏನಾಗಿದೆಯೆಂದು ಲೇಬರ್ ಸೆನೆಟರುಗಳಿಗೆ ತಿಳಿಯುವ ಮೊದಲೇ ಸೆನೆಟ್ ಹಣದ ಮಸೂದೆಗಳಿಗೆ ಒಪ್ಪಿಗೆ ಕೊಟ್ಟಿತು. ಕೆಳಮನೆ ಫ್ರೇಜರ್ ಮೇಲೆ ಅವಿಶ್ವಾಸ ವ್ಯಕ್ತಪಡಿಸಿ, ವಿಟ್ಲಂ ಅವರನ್ನೇ ಮತ್ತೆ ಕರೆಯಬೇಕೆಂದು ನಿರ್ಣಯ ಮಾಡಿತು. ಆ ನಿರ್ಣಯ ಹಿಡಿದುಕೊಂಡು ಹೋದ ಸ್ಪೀಕರ್ ಅವರಿಗೆ ಗವರ್ನರ್ ಜನರಲ್ ಭೇಟಿ ಸಿಕ್ಕುವಷ್ಟರಲ್ಲಿ ಎರಡೂ ಸದನಗಳ ವಿಸರ್ಜನೆ ಮುಗಿದುಹೋಗಿತ್ತು. ಸ್ಪೀಕರ್ ರಾಣಿಗೆ ಪತ್ರ ಬರೆದರು. ಇದರಲ್ಲಿ ರಾಣಿ ಕೈಹಾಕುವಂತಿಲ್ಲವೆಂದು ಅರಮನೆಯಿಂದ ಉತ್ತರ ಬಂತು.

ಡಿಸೆಂಬರ್ 13ರ ಚುನಾವಣೆಯಲ್ಲಿ ಫ್ರೇಜರ್ ಭಾರಿ ಬಹುಮತದಿಂದ ಗೆದ್ದರು. ಜನರೇ ತೀರ್ಪು ಕೊಟ್ಟರಲ್ಲ, ಮತ್ತೇನು ದೂರು ಎಂದು ಕರ್ ಪರವಾಗಿದ್ದವರು ಕೇಳುತ್ತಾರೆ. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಚುನಾವಣೆಯ ಫಲಿತಾಂಶ ಯಾರು ಆಳಬೇಕೆಂಬ ಪ್ರಶ್ನೆಗೆ ಉತ್ತರ. ಕೆಳಮನೆಯ ವಿಶ್ವಾಸವಿರುವ ಸರ್ಕಾರವನ್ನು ಎಚ್ಚರಿಕೆಯ ಒಂದು ಮಾತೂ ಹೇಳದೆ ಕಿತ್ತುಹಾಕಬಹುದೇ ಎಂಬುದಕ್ಕೆ ಅದು ಉತ್ತರವಲ್ಲ. ಬ್ಯಾಜಟ್ ಹೇಳಿದ ಎಚ್ಚರಿಸುವ ಹಕ್ಕನ್ನು ಬಳಸಿದ್ದರೆ ವಿಟ್ಲಂ ತಾವೇ ರಾಣಿಗೆ ಹೇಳಿ ಕರ್ ಅವರನ್ನು ಬದಲಿಸುತ್ತಿದ್ದರೇನೋ. ಕರ್ ಹೆದರಿದ್ದೂ ಅದಕ್ಕೇ. ಇಬ್ಬರೂ ಒಬ್ಬರನ್ನೊಬ್ಬರು ತೆಗೆಯಬಲ್ಲ ಸ್ಥಿತಿಯಲ್ಲಿ ಯಾರು ಮೊದಲು ಕೈ ಎತ್ತುತ್ತಾರೆಂಬುದೇ ಸಂವಿಧಾನವಾಗಿಬಿಡುತ್ತದೆ. ಕರ್ ಮತ್ತು ಅರಮನೆಯ ನಡುವಿನ ಪತ್ರಗಳನ್ನು ಖಾಸಗಿಯೆಂದು ದಶಕಗಳ ಕಾಲ ಮುಚ್ಚಿಟ್ಟಿದ್ದರು. ಇತಿಹಾಸಕಾರ್ತಿ ಜೆನ್ನಿ ಹಾಕಿಂಗ್ ಹೈಕೋರ್ಟಿನಲ್ಲಿ ಗೆದ್ದ ಮೇಲೆ 2020ರ ಜುಲೈನಲ್ಲಿ ಅವು ಹೊರಬಂದವು. ವಜಾ ಮಾಡುವ ಸುದ್ದಿಯನ್ನು ಕರ್ ರಾಣಿಗೆ ಮೊದಲೇ ತಿಳಿಸಿರಲಿಲ್ಲ, ಆದರೆ ವಜಾ ಮಾಡುವ ಅಧಿಕಾರದ ಕುರಿತು ರಾಣಿಯ ಕಾರ್ಯದರ್ಶಿಯೊಂದಿಗೆ ತಿಂಗಳುಗಟ್ಟಲೆ ಪತ್ರವ್ಯವಹಾರ ನಡೆಸಿದ್ದರು.

ಕೆನಡಾದಲ್ಲಿ 1926ರಲ್ಲೇ ಇಂಥ ಪಾಠವಾಗಿತ್ತು. ಗವರ್ನರ್ ಜನರಲ್ ಬಿಂಗ್ ಪ್ರಧಾನಿ ಮೆಕೆಂಜಿ ಕಿಂಗ್ ಕೇಳಿದ ವಿಸರ್ಜನೆಯನ್ನು ನಿರಾಕರಿಸಿದರು. ಅವರ ಬದಲಿಗೆ ತಂದ ಸರ್ಕಾರ ಕೆಲವೇ ದಿನಗಳಲ್ಲಿ ಸದನದಲ್ಲಿ ಸೋತಿತು. ಚುನಾವಣೆಯಲ್ಲಿ ಕಿಂಗ್ ಗೆದ್ದು ಬಂದರು.

ಸದನದ ಉತ್ತರ ಸ್ಪಷ್ಟವಿಲ್ಲದಾಗ ಯಾರನ್ನು ಕರೆಯಬೇಕೆಂಬುದು ನಿಜಕ್ಕೂ ಕಷ್ಟದ ಪ್ರಶ್ನೆ. ಮಲೇಷ್ಯಾದಲ್ಲಿ ಒಂಬತ್ತು ರಾಜ್ಯಗಳ ಅರಸರು ಐದು ವರ್ಷಕ್ಕೊಬ್ಬರಂತೆ ತಮ್ಮೊಳಗಿಂದಲೇ ದೇಶದ ರಾಜನನ್ನು ಆರಿಸುತ್ತಾರೆ. 2020ರ ಫೆಬ್ರುವರಿಯಲ್ಲಿ ಸರ್ಕಾರ ಕುಸಿದಾಗ ಆಗಿನ ರಾಜ ಸುಲ್ತಾನ್ ಅಬ್ದುಲ್ಲಾ ಕೆಳಮನೆಯ ಸದಸ್ಯರನ್ನು ಎರಡು ದಿನ ಅರಮನೆಗೆ ಕರೆಸಿ ಒಬ್ಬೊಬ್ಬರನ್ನೇ ವಿಚಾರಿಸಿದರು. 222 ಸ್ಥಾನಗಳ ಆ ಸದನ 2022ರ ನವೆಂಬರಿನಲ್ಲಿ ಅತಂತ್ರವಾದಾಗಲೂ ಅವರೇ ಪಕ್ಷಗಳೊಂದಿಗೆ ಮಾತಾಡಿ ಅನ್ವರ್ ಇಬ್ರಾಹಿಂ ಅವರನ್ನು ಕರೆದರು. ಎರಡನೆಯ ಸಲ ಹೆಚ್ಚು ಜನ ಮೆಚ್ಚಿದರು. ಆದರೆ ಮುಚ್ಚಿದ ಕೋಣೆಯಲ್ಲಿ ಕೇಳಿದ ಉತ್ತರಕ್ಕಿಂತ ಸದನದಲ್ಲಿ ಎದ್ದು ನಿಂತು ಹಾಕಿದ ಮತವೇ ಮೇಲೆಂದು ನನಗೆ ಅನಿಸುತ್ತದೆ. ಆ ಮತವನ್ನು ನಾವೆಲ್ಲ ನೋಡಬಹುದು, ಎಣಿಸಬಹುದು.

ಸ್ವೀಡನ್ ಆ ದಾರಿಯನ್ನೇ ಹಿಡಿಯಿತು. 1974ರಲ್ಲಿ ಅಂಗೀಕರಿಸಿದ ಅಲ್ಲಿನ ಸಂವಿಧಾನದಲ್ಲಿ ಪ್ರಧಾನಿಯ ನೇಮಕದಿಂದ ಹಿಡಿದು ಕಾಯ್ದೆಯ ಸಹಿಯವರೆಗೆ ರಾಜನ ಕೈಯಲ್ಲಿ ಏನನ್ನೂ ಬಿಟ್ಟಿಲ್ಲ. ಅವರು ಅಧಿವೇಶನ ಉದ್ಘಾಟಿಸುತ್ತಾರೆ, ವಿದೇಶಾಂಗ ಸಲಹಾ ಮಂಡಳಿಯ ಅಧ್ಯಕ್ಷತೆ ವಹಿಸುತ್ತಾರೆ, ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಾರೆ. ಪ್ರಧಾನಿಯ ಹೆಸರು ಸೂಚಿಸುವವರು ಸ್ಪೀಕರ್, ಮತ ಹಾಕುವುದು ಸದನ. 349 ಸ್ಥಾನಗಳಲ್ಲಿ 175 ಜನ ವಿರೋಧಿಸದಿದ್ದರೆ ಸಾಕು, ಸರ್ಕಾರ ಬರುತ್ತದೆ. 2021ರ ನವೆಂಬರ್ 24ರಂದು ಮಗ್ದಲೇನಾ ಆಂಡರ್ಸನ್ ಅವರ ಪರ ಬಿದ್ದದ್ದು 117 ಮತ, ವಿರುದ್ಧ 174, ತಟಸ್ಥರು 57. ಒಂದು ಮತದ ಅಂತರದಲ್ಲಿ ಅವರು ಪ್ರಧಾನಿಯಾಗಿ ಆಯ್ಕೆಯಾದರು. ಅದೇ ದಿನ ಜೊತೆಗಿದ್ದ ಪಕ್ಷ ಕೈಬಿಟ್ಟದ್ದರಿಂದ ಗಂಟೆಗಳಲ್ಲೇ ರಾಜೀನಾಮೆ ಕೊಟ್ಟು, ಮುಂದಿನ ವಾರ ಮತ್ತೆ ಆಯ್ಕೆಯಾದರು. ಹೊರಗಿನವರಿಗೆ ಇದು ಗೊಂದಲದಂತೆ ಕಾಣಬಹುದು. ಆದರೆ ಪ್ರತಿಯೊಂದು ಹೆಜ್ಜೆಯೂ ಬರೆದಿಟ್ಟ ನಿಯಮದಂತೆ ನಡೆಯಿತು, ಅರಮನೆಯ ಬಾಗಿಲು ತಟ್ಟುವ ಅಗತ್ಯವೇ ಬೀಳಲಿಲ್ಲ. ನೆದರ್ಲೆಂಡ್ಸ್ ಕೂಡ 2012ರಲ್ಲಿ ಸರ್ಕಾರ ರಚನೆಯ ಮಾತುಕತೆಯ ಮೇಲ್ವಿಚಾರಣೆಯನ್ನು ರಾಣಿಯಿಂದ ಕೆಳಮನೆಗೆ ವರ್ಗಾಯಿಸಿತು.

ಜಪಾನಿನ 1947ರ ಸಂವಿಧಾನ ಇನ್ನೂ ಕಟ್ಟುನಿಟ್ಟು. ಚಕ್ರವರ್ತಿ ದೇಶದ ಸಂಕೇತ, ಆಡಳಿತಕ್ಕೆ ಸಂಬಂಧಿಸಿದ ಯಾವ ಅಧಿಕಾರವೂ ಅವರಿಗಿಲ್ಲ. ಈ ಕಟ್ಟು ಎಷ್ಟು ಬಿಗಿಯೆಂದರೆ, ವಯಸ್ಸಾಯಿತು ನಿವೃತ್ತಿ ಬೇಕು ಎಂಬ ಮಾತನ್ನು ಅಕಿಹಿತೊ 2016ರಲ್ಲಿ ಟೆಲಿವಿಷನ್ನಿನಲ್ಲಿ ಸುತ್ತಿ ಬಳಸಿ ಹೇಳಬೇಕಾಯಿತು. ನೇರವಾಗಿ ಕೇಳಿದ್ದರೆ ಕಾನೂನು ಬದಲಿಸಿ ಎಂದು ಚಕ್ರವರ್ತಿ ರಾಜಕೀಯ ಮಾಡಿದಂತಾಗುತ್ತಿತ್ತು. ಸಂಸತ್ತು ಅವರೊಬ್ಬರಿಗಾಗಿಯೇ ವಿಶೇಷ ಕಾಯ್ದೆ ಮಾಡಿ, 2019ರ ಏಪ್ರಿಲ್ 30ರಂದು ಅವರು ಪಟ್ಟ ಬಿಟ್ಟರು. ಎಂಬತ್ತು ದಾಟಿದ ಒಬ್ಬ ಮನುಷ್ಯನ ವಿಶ್ರಾಂತಿಗೂ ಸಂಸತ್ತಿನ ಅಪ್ಪಣೆ ಬೇಕಾದದ್ದು ಮನಸ್ಸಿಗೆ ನೋವು ತರುತ್ತದೆ, ನಿಜ. ಆದರೆ ಸಂಸತ್ತಿಗೆ ಒಬ್ಬ ಮನುಷ್ಯನ ಅಪ್ಪಣೆ ಬೇಕಾಗುವುದಕ್ಕಿಂತ ಅದು ವಾಸಿ.

ಹಾಗಾದರೆ ಆಪತ್ಕಾಲದಲ್ಲಿ ರಾಜ ದೇಶ ಉಳಿಸಿದ ಉದಾಹರಣೆಗಳಿಲ್ಲವೇ? ಇವೆ, ಅವನ್ನು ಗೌರವದಿಂದಲೇ ನೆನೆಯಬೇಕು. 1940ರ ಏಪ್ರಿಲಿನಲ್ಲಿ ಜರ್ಮನ್ ಸೇನೆ ನಾರ್ವೆಗೆ ನುಗ್ಗಿ ಅಲ್ಲಿನ ನಾಜಿ ಬೆಂಬಲಿಗ ಕ್ವಿಸ್ಲಿಂಗ್ ಅವರನ್ನು ಪ್ರಧಾನಿ ಮಾಡೆಂದು ಒತ್ತಾಯಿಸಿತು. ಏಳನೇ ಹಾಕೋನ್ ತಮ್ಮ ಮಂತ್ರಿಗಳಿಗೆ ಹೀಗೆ ಹೇಳಿದರು: ನಿರ್ಧಾರ ನಿಮ್ಮದು, ನೀವು ಒಪ್ಪಿದರೆ ನಾನು ಪಟ್ಟ ಬಿಡುತ್ತೇನೆ, ಅವನನ್ನು ನೇಮಿಸುವುದು ನನ್ನಿಂದಾಗದು. ಸರ್ಕಾರ ಬಗ್ಗಲಿಲ್ಲ. 1981ರ ಫೆಬ್ರುವರಿ 23ರ ಸಂಜೆ ಸ್ಪೇನಿನ ಕೆಳಮನೆಗೆ ಲೆಫ್ಟಿನೆಂಟ್ ಕರ್ನಲ್ ತೆಹೆರೊ ಬಂದೂಕುಧಾರಿಗಳೊಂದಿಗೆ ನುಗ್ಗಿ ಸದಸ್ಯರನ್ನು ಒತ್ತೆ ಹಿಡಿದಾಗ, ನಡುರಾತ್ರಿ ಕಳೆದ ಮೇಲೆ ಸೇನಾಪತಿಯ ಸಮವಸ್ತ್ರದಲ್ಲಿ ಟೆಲಿವಿಷನ್ನಿಗೆ ಬಂದ ರಾಜ ಹುವಾನ್ ಕಾರ್ಲೋಸ್ ತಾವು ಸಂವಿಧಾನದ ಪರವೆಂದು ಸಾರಿದರು. ದಂಗೆ ಉಡುಗಿತು. ಆದರೆ ಇಟಲಿಯ ಮೂರನೇ ವಿಕ್ಟರ್ ಇಮ್ಯಾನುಯೆಲ್ 1922ರಲ್ಲಿ ಮಂತ್ರಿಮಂಡಲ ಸಿದ್ಧಪಡಿಸಿದ್ದ ತುರ್ತುಸ್ಥಿತಿಯ ಆದೇಶಕ್ಕೆ ಸಹಿ ಹಾಕದೆ ಮುಸೊಲಿನಿಯನ್ನು ಕರೆದು ಸರ್ಕಾರ ಕೊಟ್ಟರು. ಅದೇ ವಿವೇಚನೆ, ಬೇರೆ ಮನುಷ್ಯ. ಹಾಕೋನ್ ಅವರ ದೊಡ್ಡತನ ಹಾಕೋನ್ ಅವರದು. ಅದನ್ನು ಪದ್ಧತಿಯ ಖಾತೆಗೆ ಜಮಾ ಮಾಡುವುದು ಸರಿಯಲ್ಲ.

ಕಣ್ಣಿಗೆ ಕಾಣದ ಪ್ರಭಾವದ ವಿಷಯವೂ ಇದೆ. ಬ್ರಿಟನ್ನಿನಲ್ಲಿ ಅರಮನೆಯ ಹಿತಾಸಕ್ತಿ ಅಥವಾ ಪರಮಾಧಿಕಾರವನ್ನು ಮುಟ್ಟುವ ಮಸೂದೆ ಸಂಸತ್ತಿನಲ್ಲಿ ಮುಂದುವರಿಯಬೇಕಾದರೆ ದೊರೆಯ ಮುಂಗಡ ಸಮ್ಮತಿ ಬೇಕು. ಅಂಕಿತಕ್ಕಿಂತ ಬೇರೆಯಾದ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಕ್ರಮ ಇದು. ಎಲಿಜಬೆತ್ ರಾಣಿ ಮತ್ತು ಆಗಿನ ಯುವರಾಜ ಚಾರ್ಲ್ಸ್ ಅವರ ಮುಂದೆ ಹೀಗೆ ಸಾವಿರಕ್ಕೂ ಹೆಚ್ಚು ಮಸೂದೆಗಳು ಹೋಗಿದ್ದವೆಂದೂ, 1970ರ ದಶಕದಲ್ಲಿ ಷೇರುದಾರರ ಹೆಸರು ಬಯಲು ಮಾಡುವ ಮಸೂದೆಯೊಂದನ್ನು ತಿದ್ದಿಸಲು ರಾಣಿಯ ವಕೀಲರು ಸರ್ಕಾರದ ಮೇಲೆ ಒತ್ತಡ ತಂದಿದ್ದರೆಂದೂ ಗಾರ್ಡಿಯನ್ ಪತ್ರಿಕೆ 2021ರಲ್ಲಿ ದಾಖಲೆಗಳ ಸಮೇತ ಬರೆಯಿತು. ಚಾರ್ಲ್ಸ್ ಮಂತ್ರಿಗಳಿಗೆ ಬರೆದ ಪತ್ರಗಳನ್ನು ಹೊರಗೆಡವಲು ಅದೇ ಪತ್ರಿಕೆ ಹತ್ತು ವರ್ಷ ಕಾನೂನು ಹೋರಾಟ ಮಾಡಬೇಕಾಯಿತು. ಅಧಿಕಾರವಿಲ್ಲದವರಿಗೆ ಗುಟ್ಟು ಯಾಕೆ ಬೇಕು ಎಂಬ ಪ್ರಶ್ನೆಗೆ ಅರಮನೆಯ ಕಡೆಯವರಿಂದ ನನಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಥಾಯ್ಲೆಂಡಿನಲ್ಲಿ ಗುಟ್ಟಿನ ಅಗತ್ಯವೂ ಇಲ್ಲ, ಪ್ರಶ್ನಿಸುವುದೇ ಅಪರಾಧ. ದಂಡಸಂಹಿತೆಯ 112ನೇ ಕಲಮಿನಂತೆ ಅರಮನೆಯ ನಿಂದನೆಗೆ ಹದಿನೈದು ವರ್ಷದವರೆಗೆ ಸಜೆಯಿದೆ. 2023ರ ಚುನಾವಣೆಯಲ್ಲಿ ಮೊದಲ ಸ್ಥಾನ ಪಡೆದ ಮೂವ್ ಫಾರ್ವರ್ಡ್ ಪಕ್ಷಕ್ಕೆ ಸೇನೆ ನೇಮಿಸಿದ್ದ ಸೆನೆಟ್ ಸರ್ಕಾರ ರಚಿಸಲು ಬಿಡಲಿಲ್ಲ. ಆ ಕಲಮನ್ನು ತಿದ್ದುವ ಮಾತಾಡಿತೆಂಬ ಕಾರಣಕ್ಕೆ 2024ರ ಆಗಸ್ಟಿನಲ್ಲಿ ಸಂವಿಧಾನ ನ್ಯಾಯಾಲಯ ಪಕ್ಷವನ್ನೇ ವಿಸರ್ಜಿಸಿತು. ರಾಜನಿದ್ದಾನೆ, ಸಂಸತ್ತಿದೆ, ಸಂವಿಧಾನವಿದೆ. ಆದರೆ ಸದನದ ಬಲ ಸದನದಲ್ಲಿಲ್ಲ. ನೇಪಾಳದಲ್ಲಿ 1990ರ ಸಂವಿಧಾನ ಸಂಸದೀಯ ರಾಜಪ್ರಭುತ್ವವನ್ನೇ ತಂದಿತ್ತು. ಸೈನ್ಯ ಮಾತ್ರ ವಾಸ್ತವದಲ್ಲಿ ಅರಮನೆಯ ಹಿಡಿತದಲ್ಲಿ ಉಳಿಯಿತು. 2005ರ ಫೆಬ್ರುವರಿ 1ರಂದು ರಾಜ ಜ್ಞಾನೇಂದ್ರ ಸರ್ಕಾರವನ್ನು ವಜಾ ಮಾಡಿ ತಾವೇ ಆಳತೊಡಗಿದರು. ಮರುವರ್ಷದ ಜನಾಂದೋಲನ ಅವರನ್ನು ಮಣಿಸಿತು, 2008ರ ಮೇ 28ರಂದು ಸಂವಿಧಾನ ಸಭೆ ರಾಜಪ್ರಭುತ್ವವನ್ನೇ ತೆಗೆದುಹಾಕಿತು.

ನಮಗೂ ಇದಕ್ಕೂ ಇರುವ ನಂಟು ದೂರದ್ದಲ್ಲ. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಭಾರತ ಆರನೇ ಜಾರ್ಜ್ ರಾಜನಾಗಿದ್ದ ಸಂಸದೀಯ ರಾಜಪ್ರಭುತ್ವವೇ ಆಗಿತ್ತು. ಮೌಂಟ್‌ಬ್ಯಾಟನ್ ಮತ್ತು ರಾಜಾಜಿ ಗವರ್ನರ್ ಜನರಲ್ ಆಗಿದ್ದರು. ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಸೇರಿತ್ತು, ಆದರೆ ದಿವಾನರು ಉತ್ತರ ಹೇಳಬೇಕಾದದ್ದು ಮಹಾರಾಜರಿಗೆ, ಸಭೆಗಲ್ಲ. ಸಭೆಗೆ ಹೊಣೆಯಾದ ಸರ್ಕಾರಕ್ಕಾಗಿ 1947ರಲ್ಲಿ ಮೈಸೂರು ಚಲೋ ಚಳವಳಿ ನಡೆಯಿತು. ಅಕ್ಟೋಬರಿನಲ್ಲಿ ಜಯಚಾಮರಾಜೇಂದ್ರ ಒಡೆಯರ್ ಒಪ್ಪಿ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಚಿಕ್ಕ ಅವಧಿಗಾದರೂ ಕನ್ನಡ ನಾಡಿನ ಒಂದು ಭಾಗ ಈ ಪದ್ಧತಿಯನ್ನು ತಾನೇ ಬಾಳಿ ನೋಡಿದೆ. ದೆಹಲಿಯಲ್ಲಿ ಕರಡು ಸಂವಿಧಾನ ಮಂಡಿಸುತ್ತ ಅಂಬೇಡ್ಕರ್, ಇಂಗ್ಲೆಂಡಿನಲ್ಲಿ ರಾಜನಿಗಿರುವ ಸ್ಥಾನವೇ ನಮ್ಮ ರಾಷ್ಟ್ರಪತಿಗೆ ಎಂದು ವಿವರಿಸಿದ್ದರು. ಕಿರೀಟ ಹೋಯಿತು, ಕಿರೀಟದ ಸುತ್ತಲಿನ ರೂಢಿಗಳು ರಾಷ್ಟ್ರಪತಿ ಭವನಕ್ಕೂ ರಾಜಭವನಗಳಿಗೂ ಬಂದವು, ಜೊತೆಗೆ ವಿವೇಚನೆಯ ಆ ಖಾಲಿ ಜಾಗವೂ ಬಂತು.

ಅದರ ಬೆಲೆ ತೆತ್ತವರಲ್ಲಿ ಕರ್ನಾಟಕವೂ ಒಂದು. 1989ರ ಏಪ್ರಿಲಿನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲ ವೆಂಕಟಸುಬ್ಬಯ್ಯನವರು ದೆಹಲಿಗೆ ವರದಿ ಕಳಿಸಿದರು. ಅವರಲ್ಲಿ ಕೆಲವರು ಮಾತು ಬದಲಿಸಿದ್ದರು. ಸದನದಲ್ಲಿ ಬಹುಮತ ಸಾಬೀತು ಮಾಡುತ್ತೇನೆಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ರಾಜ್ಯಪಾಲರ ಮನಸ್ಸಿನಲ್ಲಲ್ಲ, ಸದನದಲ್ಲಿ ಎಂದು 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಜಾನ್ ಕರ್ ಅವರ ಪ್ರಕರಣವನ್ನು ಓದುವಾಗಲೆಲ್ಲ ನನಗೆ ಬೊಮ್ಮಾಯಿಯವರ ಹೆಸರು ನೆನಪಾಗುವುದು ಇದಕ್ಕೇ. ಆಸ್ಟ್ರೇಲಿಯಾಕ್ಕೆ ಅಂಥ ತೀರ್ಪೊಂದು ಇಂದಿಗೂ ಸಿಕ್ಕಿಲ್ಲ.

ನಮ್ಮ ನೆರೆಯಲ್ಲೇ ಈ ಪದ್ಧತಿಯ ಅತ್ಯಂತ ಹೊಸ ಪ್ರಯೋಗ ನಡೆದಿದೆ. ಭೂತಾನದಲ್ಲಿ ಜನ ಕೇಳುವ ಮೊದಲೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಸಂವಿಧಾನ ಬರೆಸಲು ಹೊರಟರು, 2006ರಲ್ಲಿ ಮಗನಿಗೆ ಪಟ್ಟ ಕಟ್ಟಿದರು. 2008ರ ಮಾರ್ಚಿನಲ್ಲಿ 47 ಸ್ಥಾನಗಳ ಕೆಳಮನೆಗೆ ಮೊದಲ ಚುನಾವಣೆ ಆಯಿತು, ಜುಲೈ 18ರಂದು ಸಂವಿಧಾನ ಜಾರಿಗೆ ಬಂತು. ಅಲ್ಲಿನ ರಾಜನಿಗೆ ಬ್ರಿಟನ್ನಿನ ದೊರೆಗಿಂತ ಹೆಚ್ಚು ಅಧಿಕಾರವಿದೆ, ಮಸೂದೆಯನ್ನು ಹಿಂದಕ್ಕೆ ಕಳಿಸಲೂಬಹುದು. ಆದರೆ ಜಂಟಿ ಅಧಿವೇಶನ ಮತ್ತೆ ಅಂಗೀಕರಿಸಿದರೆ ಅಂಕಿತ ಹಾಕಲೇಬೇಕು ಎಂದು ಬರೆದಿಟ್ಟಿದ್ದಾರೆ. ರಾಜ ಬೇಕೆಂತಲೇ ಸಂವಿಧಾನ ಮೀರಿದರೆ ಸಂಸತ್ತಿನ ನಾಲ್ಕನೇ ಮೂರು ಭಾಗ ಸದಸ್ಯರ ಒಪ್ಪಿಗೆಯಿಂದ ವಿಷಯ ಜನಮತಗಣನೆಗೆ ಹೋಗುತ್ತದೆ, ಜನ ಒಪ್ಪಿದರೆ ಅವನು ಪಟ್ಟ ಬಿಡಬೇಕು. 65 ತುಂಬಿದ ರಾಜ, ಪಟ್ಟವೇರುವ ವಯಸ್ಸಿನ ಉತ್ತರಾಧಿಕಾರಿ ಇದ್ದರೆ, ನಿವೃತ್ತನಾಗಬೇಕು. ಈಗಿನ ದೊರೆ ಜಿಗ್ಮೆ ಖೇಸರ್ ಹುಟ್ಟಿದ್ದು 1980ರ ಫೆಬ್ರುವರಿಯಲ್ಲಿ. ಆ ಕಲಮು ಮೊದಲ ಸಲ ಬಳಕೆಗೆ ಬರಬೇಕಾದದ್ದು 2045ರಲ್ಲಿ.